ಶಾಟ್ ಎಣಿಸುವ ಮೇಷ್ಟ್ರು

ಡೇವಿಡ್ ಬೋರ್ಡ್‌ವೆಲ್ (1947–2024) ಅಮೆರಿಕದ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೂರು ದಶಕ ಸಿನಿಮಾ ಪಾಠ ಹೇಳಿದವರು. ಹಲವು ದೇಶಗಳ ತರಗತಿಗಳಲ್ಲಿ ಇವತ್ತಿಗೂ ಓದಿಸುವ ‘ಫಿಲ್ಮ್ ಆರ್ಟ್’ ಪಠ್ಯಪುಸ್ತಕದ ಮೂಲ ಲೇಖಕರಿಬ್ಬರಲ್ಲಿ ಒಬ್ಬರು. ನಿವೃತ್ತಿಯ ನಂತರ ತರಗತಿಯ ಬಾಗಿಲು ದಾಟಿ ಸಾಮಾನ್ಯ ಪ್ರೇಕ್ಷಕರಿಗಾಗಿಯೇ ಸುಮಾರು ಎರಡು ದಶಕ ಬರೆದರು. ಸಿನಿಮಾ ಪ್ರೊಫೆಸರ್ ಅಂದರೆ ದಿನವಿಡೀ ಸಿನಿಮಾ ನೋಡಿಕೊಂಡು ಸಂಬಳ ಎಣಿಸುವವರಾ ಎಂದು ಅರ್ಧ ತಮಾಷೆ, ಅರ್ಧ ಅಸೂಯೆಯಿಂದ ಕೇಳುವವರು ಎಲ್ಲ ಕಡೆಯೂ ಇದ್ದಾರೆ. ಅಂಥವರಿಗೆ ಉತ್ತರ ಹೇಳಲು ಬೋರ್ಡ್‌ವೆಲ್ ಅವರ ಕೆಲಸದಷ್ಟು ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಹೌದು, ಅವರು ದಿನವಿಡೀ ಸಿನಿಮಾ ನೋಡುತ್ತಿದ್ದರು. ಆದರೆ ನಿಲ್ಲಿಸಿ ನಿಲ್ಲಿಸಿ, ಹಿಂದೆ ಮುಂದೆ ಓಡಿಸಿ, ಶಾಟ್ ಎಣಿಸಿ, ಟಿಪ್ಪಣಿ ಮಾಡಿಕೊಂಡು ನೋಡುತ್ತಿದ್ದರು.

ಸಿನಿಮಾ ಬಗ್ಗೆ ಬರೆಯುವವರಿಂದ ಜನ ಸಾಮಾನ್ಯವಾಗಿ ಎರಡನ್ನು ನಿರೀಕ್ಷಿಸುತ್ತಾರೆ. ಪತ್ರಿಕೆಯ ವಿಮರ್ಶಕರಿಂದ ತೀರ್ಪು: ಚಿತ್ರ ಚೆನ್ನಾಗಿದೆಯೋ ಇಲ್ಲವೋ, ಟಿಕೆಟ್ ದುಡ್ಡು ದಂಡವೋ ಅಲ್ಲವೋ. ಪ್ರಾಧ್ಯಾಪಕರಿಂದ ಅರ್ಥ: ಕೆಂಪು ಸೀರೆ ಯಾವುದರ ಸಂಕೇತ, ಮಳೆ ಯಾಕೆ ಬಂತು, ಕನ್ನಡಿ ಒಡೆದದ್ದು ಏನನ್ನು ಸೂಚಿಸುತ್ತದೆ ಇತ್ಯಾದಿ. ಬೋರ್ಡ್‌ವೆಲ್ ಈ ಎರಡನ್ನೂ ತಳ್ಳಿಹಾಕಲಿಲ್ಲ, ಆದರೆ ಎರಡನ್ನೂ ಪಕ್ಕಕ್ಕೆ ಸರಿಸಿ ಬೇರೊಂದು ಪ್ರಶ್ನೆಯನ್ನು ನಡುವೆ ತಂದಿಟ್ಟರು. ಈ ದೃಶ್ಯವನ್ನು ಹೀಗೆ ಯಾಕೆ ತೆಗೆದಿದ್ದಾರೆ? ಬೇರೆ ಹೇಗೆಲ್ಲ ತೆಗೆಯಬಹುದಿತ್ತು? ಹೀಗೆ ತೆಗೆದದ್ದರಿಂದ ನೋಡುವವರ ಮೇಲೆ ಆಗುವ ಪರಿಣಾಮವೇನು? ಅವರ ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳು ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆಯ ಸುತ್ತಲೇ ಇವೆ.

ನ್ಯೂಯಾರ್ಕ್ ರಾಜ್ಯದ ಪೆನ್ ಯಾನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ ಹೊಲಗದ್ದೆಗಳ ನಡುವೆ ಬೆಳೆದ ಅವರು ಅಯೋವಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದರು. 1973ರಲ್ಲಿ ವಿಸ್ಕಾನ್ಸಿನ್‌ಗೆ ಪಾಠ ಹೇಳಲು ಬಂದಾಗ ಸಿನಿಮಾ ಅಧ್ಯಯನ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಅಂಬೆಗಾಲಿಡುತ್ತಿತ್ತು. ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಸಾಹಿತ್ಯ ವಿಭಾಗಗಳಿಂದ ಬಂದವರು. ಕಾದಂಬರಿ ಓದಿದ ಹಾಗೆ ಸಿನಿಮಾ ಓದುತ್ತಿದ್ದರು: ಕಥೆ ಏನು, ಪಾತ್ರ ಹೇಗಿದೆ, ಸಂದೇಶ ಏನು. ಕ್ಯಾಮೆರಾ ಎಲ್ಲಿತ್ತು, ಕಟ್ ಎಲ್ಲಿ ಬಿತ್ತು ಎನ್ನುವುದು ತಂತ್ರಜ್ಞರ ತಲೆನೋವು ಎಂಬ ಭಾವನೆ ಇತ್ತು. ಮ್ಯಾಡಿಸನ್‌ನಲ್ಲಿ ಮಾತ್ರ ಬೇರೆ ದಾರಿ ಹಿಡಿಯಲು ಒಂದು ಅನುಕೂಲವಿತ್ತು. ಅಲ್ಲಿನ ಸಂಗ್ರಹಾಗಾರದಲ್ಲಿ ಹಳೆಯ ವಾರ್ನರ್ ಬ್ರದರ್ಸ್ ಚಿತ್ರಗಳ ಪ್ರತಿಗಳು, ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಯ ಕಡತಗಳು ಎಲ್ಲವೂ ಕೈಗೆ ಸಿಗುವಂತಿದ್ದವು. ವಿಡಿಯೊ ಕ್ಯಾಸೆಟ್ ಮನೆಮನೆಗೆ ಬರುವ ಮೊದಲಿನ ಕಾಲ ಅದು. ಒಂದು ಚಿತ್ರವನ್ನು ಮತ್ತೆ ಮತ್ತೆ ನೋಡಬೇಕೆಂದರೆ ರೀಲನ್ನೇ ಎಡಿಟಿಂಗ್ ಮೇಜಿನ ಮೇಲೆ ಹಾಕಿ ತಿರುಗಿಸಬೇಕಿತ್ತು.

‘ಫಿಲ್ಮ್ ಆರ್ಟ್’ 1979ರಲ್ಲಿ ಬಂತು. ಜೊತೆಗೂಡಿ ಬರೆದವರು ಅವರ ಪತ್ನಿ ಕ್ರಿಸ್ಟಿನ್ ಥಾಂಪ್ಸನ್. ಅವರೂ ಬೋರ್ಡ್‌ವೆಲ್‌ಗೆ ಸರಿಸಮನಾದ ವಿದ್ವಾಂಸೆ. ಆ ಪುಸ್ತಕ ದೃಶ್ಯಸಂಯೋಜನೆ, ಛಾಯಾಗ್ರಹಣ, ಸಂಕಲನ, ಶಬ್ದ ಎಂದು ಒಂದೊಂದನ್ನೇ ಬಿಡಿಸಿಟ್ಟು, ಇವೆಲ್ಲ ಕೂಡಿ ಒಂದು ಚಿತ್ರ ಹೇಗೆ ನಿಲ್ಲುತ್ತದೆ ಎಂಬುದನ್ನು ತೋರಿಸುತ್ತದೆ. ಅರ್ಥದ ವಿಚಾರವನ್ನು ಅದು ಕೈಬಿಟ್ಟಿಲ್ಲ, ಒಂದು ಲೆಕ್ಕಕ್ಕೆ ತಂದಿದೆ ಅಷ್ಟೆ. 1939ರ ‘ದಿ ವಿಝರ್ಡ್ ಆಫ್ ಆಝ್’ ಚಿತ್ರವನ್ನು ಮುಂದಿಟ್ಟುಕೊಂಡು ನಾಲ್ಕು ಬಗೆಯ ಅರ್ಥಗಳನ್ನು ಅಲ್ಲಿ ಬೇರ್ಪಡಿಸಲಾಗಿದೆ. ಕ್ಯಾನ್ಸಸ್‌ನ ಹುಡುಗಿಯೊಬ್ಬಳು ಸುಂಟರಗಾಳಿಗೆ ಸಿಕ್ಕಿ ಮಾಯಾಲೋಕಕ್ಕೆ ಹೋಗಿ ಬರುತ್ತಾಳೆ ಎನ್ನುವುದು ಎಲ್ಲರ ಕಣ್ಣಿಗೂ ಕಾಣುವ ಸಂಗತಿ. ತನ್ನ ಮನೆಗಿಂತ ಮಿಗಿಲಾದ ಜಾಗ ಇಲ್ಲ ಎನ್ನುವುದು ಚಿತ್ರ ಬಾಯಿಬಿಟ್ಟು ಹೇಳುವ ಮಾತು. ಬಾಲ್ಯ ಕಳೆದು ದೊಡ್ಡವಳಾಗುವ ಹೊಸ್ತಿಲಲ್ಲಿ ನಿಂತ ಹುಡುಗಿಯ ತಳಮಳ ಎನ್ನುವುದು ನೋಡುಗರು ಊಹಿಸಿಕೊಳ್ಳುವ ಅರ್ಥ. ಆರ್ಥಿಕ ಕುಸಿತದ ಕಾಲದ ಅಮೆರಿಕ ತನ್ನ ಮನೆ, ಸಂಸಾರಗಳನ್ನು ಯಾಕೆ ಅಷ್ಟು ಗಟ್ಟಿಯಾಗಿ ಅಪ್ಪಿಕೊಂಡಿತು ಎನ್ನುವುದು ಚಿತ್ರಕ್ಕೇ ಗೊತ್ತಿಲ್ಲದಂತೆ ಅದರಿಂದ ಹೊರಬೀಳುವ ಅರ್ಥ. ಸಿನಿಮಾ ಚರ್ಚೆಯಲ್ಲಿ ಜಗಳವಾಡುವ ಇಬ್ಬರು ಎಷ್ಟೋ ಸಲ ಬೇರೆ ಬೇರೆ ಮಹಡಿಯಲ್ಲಿ ನಿಂತು ಕೂಗಾಡುತ್ತಿರುತ್ತಾರೆ ಎಂಬುದು ಇಷ್ಟು ಬಿಡಿಸಿ ಹೇಳಿದರೆ ಗೊತ್ತಾಗುತ್ತದೆ.

ಪುಸ್ತಕದಲ್ಲಿ ಮುದ್ರಿಸಿದ ಚಿತ್ರಗಳ ಕಥೆಯೂ ಇಲ್ಲಿ ಮುಖ್ಯ. ಅಲ್ಲಿಯವರೆಗೆ ಸಿನಿಮಾ ಪುಸ್ತಕಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಪ್ರಚಾರದ ಸ್ಟಿಲ್‌ಗಳು. ಶೂಟಿಂಗ್ ನಡೆಯುವಾಗ ಸ್ಟಿಲ್ ಫೋಟೊಗ್ರಾಫರ್ ತನ್ನ ಕ್ಯಾಮೆರಾದಿಂದ, ತಾನು ನಿಂತ ಜಾಗದಿಂದ ತೆಗೆದ ಫೋಟೊಗಳು ಅವು. ಕನ್ನಡದಲ್ಲಿ ಭವಾನಿ ಲಕ್ಷ್ಮೀನಾರಾಯಣ, ಪ್ರಗತಿ ಅಶ್ವತ್ಥ ನಾರಾಯಣ ಅವರಂಥವರು ತೆಗೆದ ಸ್ಟಿಲ್‌ಗಳು ಚಿತ್ರರಂಗದ ದೊಡ್ಡ ಆಸ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ತೆರೆಯ ಮೇಲೆ ಪ್ರೇಕ್ಷಕ ಕಂಡದ್ದು ಆ ಫೋಟೊವನ್ನಲ್ಲ. ಬೆಳಕು ಬೇರೆ, ಕೋನ ಬೇರೆ, ಎಷ್ಟೋ ಸಲ ನಟರು ನಿಂತ ಜಾಗವೇ ಬೇರೆ. ಕ್ಯಾಮೆರಾ ಎಲ್ಲಿತ್ತು ಎಂದು ವಾದಿಸುವ ಪುಸ್ತಕಕ್ಕೆ ಇಂಥ ಫೋಟೊ ಸಾಕ್ಷಿಯಾಗಲಾರದು. ಅದಕ್ಕೇ ಬೋರ್ಡ್‌ವೆಲ್ ದಂಪತಿ ರೀಲಿನ ಒಂದೊಂದು ಫ್ರೇಮನ್ನೇ ದೊಡ್ಡದು ಮಾಡಿ ಫೋಟೊ ತೆಗೆದು ಅಚ್ಚು ಹಾಕಿಸಿದರು. ಹೀಗೆ ಮಾಡಲು ಸ್ಟುಡಿಯೊಗಳ ಅಪ್ಪಣೆ ಬೇಕೇ, ಹಕ್ಕುಸ್ವಾಮ್ಯದ ತೊಡಕೇನು ಎಂಬ ಪ್ರಶ್ನೆ ಎದ್ದಾಗ, ಸಿನಿಮಾ ವಿದ್ವಾಂಸರ ಸಂಘಟನೆಗಾಗಿ 1993ರಲ್ಲಿ ವರದಿ ಬರೆದು ದಾರಿ ಸುಗಮ ಮಾಡಿದವರೂ ಥಾಂಪ್ಸನ್ ಅವರೇ. ವಿದ್ವತ್ತು ಅಂದರೆ ದೊಡ್ಡ ದೊಡ್ಡ ಸಿದ್ಧಾಂತಗಳೇ ಎಂದು ತಿಳಿದವರಿಗೆ ಇದು ಚಿಲ್ಲರೆ ಕೆಲಸ ಅನ್ನಿಸಬಹುದು. ಆದರೆ ಇಂಥ ಚಿಲ್ಲರೆ ಕೆಲಸಗಳಿಲ್ಲದೆ ಆ ವಿಷಯ ಒಂದು ಶಿಸ್ತಾಗಿ ನಿಲ್ಲುತ್ತಿರಲಿಲ್ಲ.

1985ರಲ್ಲಿ ಜಾನೆಟ್ ಸ್ಟೈಗರ್ ಮತ್ತು ಥಾಂಪ್ಸನ್ ಜೊತೆ ಸೇರಿ ಹೊರತಂದ ‘ದಿ ಕ್ಲಾಸಿಕಲ್ ಹಾಲಿವುಡ್ ಸಿನಿಮಾ’ ಈ ಶಿಸ್ತಿನ ಅತಿ ದಿಟ್ಟ ಮಾದರಿ. ಹಾಲಿವುಡ್ ಶೈಲಿ ಅಂತ ಒಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಹೇಳುವವರೆಲ್ಲ ಹೆಸರಾಂತ ಚಿತ್ರಗಳನ್ನೇ ಎತ್ತಿಕೊಳ್ಳುತ್ತಿದ್ದರು. ಹಿಚ್‌ಕಾಕ್, ಫೋರ್ಡ್, ವೆಲ್ಸ್ ಅವರ ಚಿತ್ರಗಳು ವಿಶೇಷವಾದವು ಅನ್ನುವುದಕ್ಕೆ ಅಲ್ಲಿನ ಮಾಮೂಲಿ ಚಿತ್ರ ಹೇಗಿತ್ತು ಎಂದು ಗೊತ್ತಿರಬೇಕಲ್ಲವೇ? ಈ ಮೂವರು 1915ರಿಂದ 1960ರವರೆಗೆ ಬಿಡುಗಡೆಯಾದ ಚಿತ್ರಗಳ ಪಟ್ಟಿಯನ್ನು ಹಿಡಿದು, ಸಂಖ್ಯಾಶಾಸ್ತ್ರದವರು ಬಳಸುವ ಕೋಷ್ಟಕದ ಸಹಾಯದಿಂದ ಲಾಟರಿ ಎತ್ತಿದ ಹಾಗೆ ಹೆಸರುಗಳನ್ನು ಆಯ್ದು, ಅವುಗಳಲ್ಲಿ ಪ್ರತಿ ಸಿಕ್ಕಿದ 100 ಚಿತ್ರಗಳನ್ನು ಶಾಟ್ ಶಾಟ್ ಬಿಡಿಸಿ ನೋಡಿದರು. ಯಾರೂ ನೆನಪಿಟ್ಟುಕೊಳ್ಳದ ಚಿತ್ರಗಳೇ ಅವುಗಳಲ್ಲಿ ಹೆಚ್ಚು. ಕೆಟ್ಟ ಚಿತ್ರ, ಸಾಧಾರಣ ಚಿತ್ರ, ಅರೆಬೆಂದ ಚಿತ್ರ ಎಲ್ಲವೂ ಲೆಕ್ಕಕ್ಕೆ ಬಂದವು.

ಸಿಕ್ಕ ಫಲಿತಾಂಶ ಕುತೂಹಲದ್ದು. ಆ ನೂರರಲ್ಲಿ 95 ಚಿತ್ರಗಳಲ್ಲಿ ಪ್ರೇಮ ಒಂದಲ್ಲ ಒಂದು ಎಳೆಯಾಗಿತ್ತು, 85ರಲ್ಲಿ ಅದೇ ಮುಖ್ಯ ಎಳೆ. ಸಾಮಾನ್ಯವಾಗಿ ಎರಡು ಎಳೆಗಳು ಒಟ್ಟಿಗೆ ಓಡುತ್ತವೆ: ಒಂದು ಪ್ರೇಮದ್ದು, ಇನ್ನೊಂದು ಕೆಲಸದ್ದೋ ಯುದ್ಧದ್ದೋ ಅಪರಾಧದ್ದೋ. ನಾಯಕನಿಗೆ ಒಂದು ಗುರಿ ಇರುತ್ತದೆ, ಅದಕ್ಕೊಂದು ಗಡುವು ಇರುತ್ತದೆ, ಒಂದು ದೃಶ್ಯದಲ್ಲಿ ಬಿಟ್ಟ ಎಳೆಯನ್ನು ಮುಂದಿನ ದೃಶ್ಯ ಎತ್ತಿಕೊಳ್ಳುತ್ತದೆ. ಇಬ್ಬರು ಮಾತಾಡುವಾಗ ಅವರ ನಡುವೆ ಒಂದು ಕಾಲ್ಪನಿಕ ಗೆರೆ ಎಳೆದುಕೊಂಡು ಕ್ಯಾಮೆರಾ ಅದರ ಒಂದೇ ಬದಿಯಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ತೆರೆಯ ಮೇಲೆ ಅವರು ಒಬ್ಬರನ್ನೊಬ್ಬರು ನೋಡುತ್ತಿರುವಂತೆ ಕಾಣುವುದಿಲ್ಲ. ಯಾವ ಸಹಾಯಕ ನಿರ್ದೇಶಕನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಪುಸ್ತಕ ಹೇಳಿದ್ದು ಅದರಾಚೆಯ ಸಂಗತಿ: ಈ ಪದ್ಧತಿಗಳು ಯಾವಾಗ ನೆಲೆಗೊಂಡವು, ಸ್ಟುಡಿಯೊಗಳ ಕೆಲಸ ಹಂಚಿಕೆ ಅವನ್ನು ಹೇಗೆ ಗಟ್ಟಿ ಮಾಡಿತು, ಶಬ್ದ ಬಂದಾಗ, ಬಣ್ಣ ಬಂದಾಗ, ಅಗಲ ಪರದೆ ಬಂದಾಗ ಆ ವ್ಯವಸ್ಥೆ ಹೊಸದನ್ನು ಹೇಗೆ ಜೀರ್ಣಿಸಿಕೊಂಡಿತು ಎಂಬುದು.

ಜಪಾನಿನ ಯಸುಜಿರೊ ಓಝು ಬಗ್ಗೆ ಬೋರ್ಡ್‌ವೆಲ್ 1988ರಲ್ಲಿ ಬರೆದ ಪುಸ್ತಕದಲ್ಲಿ ಈ ಬಗೆಯ ನೋಟ ಇನ್ನೂ ಹರಿತವಾಗಿದೆ. ‘ಟೋಕಿಯೊ ಸ್ಟೋರಿ’ ಮುಂತಾದ ಓಝು ಚಿತ್ರಗಳಲ್ಲಿ ಕ್ಯಾಮೆರಾ ತೀರಾ ಕೆಳಗೆ ಇರುತ್ತದೆ. ಚಾಪೆಯ ಮೇಲೆ ಕೂತ ಜಪಾನಿ ಮನುಷ್ಯನ ಕಣ್ಣಿನ ಎತ್ತರ ಅದು ಎನ್ನುವ ವಿವರಣೆ ಬಹಳ ಕಾಲ ಚಲಾವಣೆಯಲ್ಲಿತ್ತು. ಕೇಳಲು ಸೊಗಸಾಗಿದೆ, ಪೂರ್ವದೇಶದ ಶಾಂತಿ, ಝೆನ್ ಧ್ಯಾನ ಎಲ್ಲವನ್ನೂ ಅದಕ್ಕೆ ಪೋಣಿಸಿಬಿಡಬಹುದು. ಬೋರ್ಡ್‌ವೆಲ್ ಚಿತ್ರಗಳನ್ನು ಒಂದೊಂದಾಗಿ ಅಳೆದು ನೋಡಿ ಈ ವಿವರಣೆ ನಿಲ್ಲುವುದಿಲ್ಲ ಎಂದರು. ರಸ್ತೆಯಲ್ಲಿ, ಆಫೀಸಿನಲ್ಲಿ, ಚಾಪೆಯೇ ಇಲ್ಲದ ಕಡೆಯಲ್ಲೂ ಕ್ಯಾಮೆರಾ ಕೆಳಗೇ ಇರುತ್ತದೆ. ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ಎಷ್ಟೋ ಕಡೆ ತಗ್ಗಿನಲ್ಲಿರುತ್ತದೆ. ಎದುರಿಗಿರುವ ವಸ್ತು ಅಥವಾ ವ್ಯಕ್ತಿ ಎಷ್ಟು ಎತ್ತರವೋ ಅದಕ್ಕೆ ತಕ್ಕ ಅನುಪಾತದಲ್ಲಿ ಕ್ಯಾಮೆರಾದ ಎತ್ತರ ಬದಲಾಗುತ್ತದೆ. ಅಂದರೆ ಇದು ಜಪಾನಿ ರಕ್ತದಲ್ಲಿ ಬಂದ ಗುಣವಲ್ಲ, ಒಬ್ಬ ನಿರ್ದೇಶಕ ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಹಾಲಿವುಡ್ಡಿನ ಆ ಕಾಲ್ಪನಿಕ ಗೆರೆಯನ್ನೂ ಓಝು ಲೆಕ್ಕಿಸುವುದಿಲ್ಲ; ಮಾತಾಡುವವರ ಸುತ್ತ ಪೂರ್ತಿ ಒಂದು ವೃತ್ತವನ್ನೇ ಕ್ಯಾಮೆರಾಕ್ಕೆ ಬಿಟ್ಟುಕೊಡುತ್ತಾರೆ. ಈ ವಾದವನ್ನು ದಂಪತಿ 1976ರಷ್ಟು ಹಿಂದೆಯೇ ಒಂದು ಲೇಖನದಲ್ಲಿ ಮಂಡಿಸಿದ್ದರು. ಒಂದು ದೇಶದ ಕಲಾವಿದನನ್ನು ಆ ದೇಶದ ಗುಣದ ಮಾದರಿ ಅಂತ ತಿಳಿಯದೆ, ತಲೆ ಇರುವ ಕಸುಬುದಾರ ಅಂತ ಕಾಣುವುದರಲ್ಲಿ ಒಂದು ದೊಡ್ಡ ಗೌರವವಿದೆ. ಭಾರತದ ಚಿತ್ರಗಳ ಬಗ್ಗೆ ಹೊರಗಿನವರು ಬರೆಯುವಾಗ ಈ ಗೌರವ ಅಷ್ಟು ಸುಲಭಕ್ಕೆ ಸಿಕ್ಕಿಲ್ಲ.

ಇಷ್ಟು ಹೊತ್ತಿಗೆ ಬೋರ್ಡ್‌ವೆಲ್ ತಮ್ಮದೇ ಶಿಸ್ತಿನ ಒಳಗೆ ಜಗಳ ಕಾಯ್ದುಕೊಂಡಿದ್ದರು. 1970ರ ದಶಕದಿಂದ ಸಿನಿಮಾ ವಿಭಾಗಗಳಲ್ಲಿ ಫ್ರೆಂಚ್ ಚಿಂತಕರ ಪ್ರಭಾವ ಏರುತ್ತಿತ್ತು. ಮನೋವಿಶ್ಲೇಷಣೆ, ಮಾರ್ಕ್ಸ್‌ವಾದ, ಭಾಷಾಶಾಸ್ತ್ರ ಈ ಮೂರನ್ನೂ ಬೆರೆಸಿ ಯಾವ ಚಿತ್ರವನ್ನಾದರೂ ವಿವರಿಸಿಬಿಡುವ ಒಂದು ದೊಡ್ಡ ಸಿದ್ಧಾಂತ ತಯಾರಾಗಿತ್ತು. 1989ರ ‘ಮೇಕಿಂಗ್ ಮೀನಿಂಗ್’ ಪುಸ್ತಕದಲ್ಲಿ ಅವರು ಸಿನಿಮಾಗಳನ್ನು ಬಿಟ್ಟು ಸಿನಿಮಾ ವಿಮರ್ಶಕರನ್ನೇ ಅಧ್ಯಯನಕ್ಕೆ ಎತ್ತಿಕೊಂಡರು. ಹಿಚ್‌ಕಾಕರ ‘ಸೈಕೊ’ ಚಿತ್ರದ ಬಗ್ಗೆ ಬೇರೆ ಬೇರೆಯವರು ಬರೆದ ಏಳು ವಿಶ್ಲೇಷಣೆಗಳನ್ನು ಸಾಲಾಗಿ ಇಟ್ಟು, ಅವುಗಳ ಸಿದ್ಧಾಂತ ಬೇರೆಯಾದರೂ ವಾದ ಕಟ್ಟುವ ಕ್ರಮ ಹೇಗೆ ಒಂದೇ ಎಂದು ತೋರಿಸಿದರು. ಮೊದಲು ಒಂದು ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ಆಮೇಲೆ ಚಿತ್ರದಲ್ಲಿ ಅದಕ್ಕೆ ಹೊಂದುವ ತುಣುಕುಗಳನ್ನು ಹೆಕ್ಕುವುದು, ಹೊಂದದ್ದನ್ನು ಕಂಡೂ ಕಾಣದಂತೆ ಬಿಡುವುದು. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. 1996ರಲ್ಲಿ ನೋಯೆಲ್ ಕ್ಯಾರಲ್ ಜೊತೆ ‘ಪೋಸ್ಟ್-ಥಿಯರಿ’ ಎಂಬ ಸಂಕಲನವನ್ನು ಸಂಪಾದಿಸಿದಾಗ ಜಗಳ ಬೀದಿಗೇ ಬಂತು. ಸ್ಲೊವೇನಿಯಾದ ತತ್ತ್ವಜ್ಞಾನಿ ಸ್ಲಾವೊಯ್ ಝಿಝೆಕ್ 2001ರ ತಮ್ಮ ಪುಸ್ತಕದಲ್ಲಿ ಈ ಬಣವನ್ನು ತರಾಟೆಗೆ ತೆಗೆದುಕೊಂಡರು. ಬೋರ್ಡ್‌ವೆಲ್ 2005ರಲ್ಲಿ ಅಷ್ಟೇ ಖಾರವಾಗಿ ಉತ್ತರ ಕೊಟ್ಟರು. ಸಾರಾಂಶದಲ್ಲಿ ಅವರ ತಕರಾರು ಇಷ್ಟೆ: ಒಂದು ಹೇಳಿಕೆ ತಪ್ಪು ಎಂದು ತೋರಿಸಲು ದಾರಿಯೇ ಇಲ್ಲದಿದ್ದರೆ ಅದು ಸರಿ ಎಂದು ತಿಳಿಯುವುದಾದರೂ ಹೇಗೆ?

ಸಿದ್ಧಾಂತವನ್ನು ದೂರವಿಟ್ಟರು ಎಂದ ಮಾತ್ರಕ್ಕೆ ಅವರಿಗೆ ಸಿದ್ಧಾಂತವೇ ಇರಲಿಲ್ಲ ಎಂದಲ್ಲ. ರಷ್ಯದ ರೂಪನಿಷ್ಠ ವಿಮರ್ಶಕರಿಂದಲೂ ಹೊಸ ಕಾಲದ ಮನಶ್ಶಾಸ್ತ್ರದಿಂದಲೂ ಎರವಲು ಪಡೆದು, ಪ್ರೇಕ್ಷಕ ತೆಪ್ಪಗೆ ಕೂತು ನುಂಗುವವನಲ್ಲ, ಕ್ಷಣಕ್ಷಣವೂ ಊಹೆ ಮಾಡುತ್ತ, ಕಾಯುತ್ತ, ಊಹೆ ತಿದ್ದುತ್ತ ಕಥೆಯನ್ನು ತಾನೇ ಕಟ್ಟಿಕೊಳ್ಳುವವನು ಎಂದು ‘ನರೇಷನ್ ಇನ್ ದಿ ಫಿಕ್ಷನ್ ಫಿಲ್ಮ್’ ಪುಸ್ತಕದಲ್ಲಿ ವಾದಿಸಿದರು. ಯಾವ ಚಿತ್ರ ಯಾವ ಮಾಹಿತಿಯನ್ನು ಯಾವಾಗ ಕೊಡುತ್ತದೆ, ಯಾವುದನ್ನು ಬಚ್ಚಿಡುತ್ತದೆ ಎನ್ನುವುದರ ಮೇಲೆ ಚಿತ್ರಗಳ ಜಾತಿಯನ್ನೇ ಗುರುತಿಸಬಹುದು. 1979ರ ಒಂದು ಲೇಖನದಲ್ಲಿ ಅವರು ಕಲಾತ್ಮಕ ಚಿತ್ರವನ್ನೂ ಇದೇ ತಕ್ಕಡಿಯಲ್ಲಿಟ್ಟು ತೂಗಿದರು. ಗುರಿ ಇಲ್ಲದೆ ಅಲೆಯುವ ನಾಯಕ, ಕೊಂಡಿ ಸಡಿಲವಾದ ಘಟನೆಗಳು, ಮನಸ್ಸಿನ ಒಳಗಿನ ತುಮುಲ, ಎತ್ತಲೂ ಕೊನೆ ಮುಟ್ಟಿಸದ ಮುಕ್ತಾಯ ಇವೆಲ್ಲ ಕಲಾತ್ಮಕ ಚಿತ್ರದ ಸ್ವಾತಂತ್ರ್ಯಗಳಲ್ಲ, ಅದರ ಕಟ್ಟಳೆಗಳು ಎಂದರು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ವನ್ನು ಈ ಅಳತೆಗೋಲಿನಿಂದ ನೋಡಿದರೆ ಅಗ್ರಹಾರ ಬಿಟ್ಟು ಹೊರಟ ಪ್ರಾಣೇಶಾಚಾರ್ಯ, ಬಿಟ್ಟರೂ ಬಿಡದೆ ಹಿಂದೆ ಬೀಳುವ ಪುಟ್ಟ, ಜಾತ್ರೆಯ ಗದ್ದಲ, ಮುಂದೇನೆಂದು ಹೇಳದ ಕೊನೆ ಎಲ್ಲವೂ ಒಂದು ಅಂತರರಾಷ್ಟ್ರೀಯ ಪರಂಪರೆಯ ಪರಿಚಿತ ಗುರುತುಗಳಾಗಿ ಕಾಣುತ್ತವೆ. ಇದರಿಂದ ಚಿತ್ರದ ಘನತೆ ಕುಂದುವುದಿಲ್ಲ. ವ್ಯಾಪಾರಿ ಚಿತ್ರಕ್ಕೆ ಮಾತ್ರ ಸೂತ್ರ ಇರುತ್ತದೆ ಎಂಬ ಜಂಭವಷ್ಟೇ ಇಳಿಯುತ್ತದೆ.

ವ್ಯಾಪಾರಿ ಚಿತ್ರಗಳನ್ನು ಅವರು ಕೀಳಾಗಿ ಕಂಡವರೇ ಅಲ್ಲ. 2000ರ ‘ಪ್ಲಾನೆಟ್ ಹಾಂಗ್‌ಕಾಂಗ್’ ಪುಸ್ತಕ ಕುಂಗ್ ಫು, ಪಿಸ್ತೂಲು, ಅಗ್ಗದ ಹಾಸ್ಯ ಇವುಗಳನ್ನೇ ನಂಬಿ ಬದುಕಿದ ಒಂದು ಚಿತ್ರೋದ್ಯಮವನ್ನು ಪೂರ್ತಿ ಗಂಭೀರವಾಗಿ ತೆಗೆದುಕೊಂಡಿತು. ಹಾಂಗ್‌ಕಾಂಗ್‌ನ ಹೊಡೆದಾಟದ ದೃಶ್ಯ ಯಾಕೆ ಮೈ ನವಿರೇಳಿಸುತ್ತದೆ ಎಂಬುದಕ್ಕೆ ಅವರು ಕೊಟ್ಟ ವಿವರಣೆ ಇಂದಿಗೂ ಯಾವ ಫೈಟ್ ಮಾಸ್ಟರ್‌ಗಾದರೂ ಉಪಯೋಗಕ್ಕೆ ಬರುವಂಥದ್ದು. ಅಲ್ಲಿ ಚಲನೆ ನಿರಂತರವಲ್ಲ. ನಟ ಒಂದು ಭಂಗಿಯಲ್ಲಿ ಅರೆಕ್ಷಣ ಕಲ್ಲಾಗುತ್ತಾನೆ, ಮಿಂಚಿನಂತೆ ಎರಗುತ್ತಾನೆ, ಮತ್ತೆ ನಿಲ್ಲುತ್ತಾನೆ. ನಿಲುಗಡೆ ಇರುವುದರಿಂದಲೇ ವೇಗ ವೇಗವಾಗಿ ಕಾಣುತ್ತದೆ. ಯಾರು ಯಾರಿಗೆ ಎಲ್ಲಿ ಹೊಡೆದರು ಎನ್ನುವುದೂ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ಅಲ್ಲಾಡಿಸಿ, ಕಟ್ ಮೇಲೆ ಕಟ್ ಹಾಕಿ ಗಲಿಬಿಲಿ ಮಾಡುವ ಹಾಲಿವುಡ್ ಹೊಡೆದಾಟಗಳ ಬಗ್ಗೆ ಅವರ ಅಸಹನೆ ಮುಚ್ಚಿಟ್ಟದ್ದಲ್ಲ.

ಆ ಅಸಹನೆಗೂ ಅಂಕಿ ಅಂಶಗಳ ಆಧಾರ ಇತ್ತು. ಚಿತ್ರದ ಒಟ್ಟು ಅವಧಿಯನ್ನು ಶಾಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಒಂದು ಶಾಟ್ ಸರಾಸರಿ ಎಷ್ಟು ಸೆಕೆಂಡ್ ನಿಲ್ಲುತ್ತದೆ ಎಂದು ಸಿಗುತ್ತದೆ. ಬ್ಯಾರಿ ಸಾಲ್ಟ್ ಎಂಬ ವಿದ್ವಾಂಸರು ಬಳಕೆಗೆ ತಂದ ಈ ಸರಳ ಲೆಕ್ಕವನ್ನು ಬೋರ್ಡ್‌ವೆಲ್ ನೂರಾರು ಚಿತ್ರಗಳಿಗೆ ಅನ್ವಯಿಸಿದರು. 1930ರಿಂದ 1960ರವರೆಗಿನ ಹೆಚ್ಚಿನ ಹಾಲಿವುಡ್ ಚಿತ್ರಗಳಲ್ಲಿ ಸರಾಸರಿ 8ರಿಂದ 11 ಸೆಕೆಂಡ್ ಇದ್ದದ್ದು, ಶತಮಾನದ ಕೊನೆಯ ಹೊತ್ತಿಗೆ 3ರಿಂದ 6 ಸೆಕೆಂಡಿಗೆ ಇಳಿದಿತ್ತು. ಜೊತೆಗೆ ಕ್ಲೋಸಪ್‌ಗಳು ಹೆಚ್ಚಾದವು, ಕ್ಯಾಮೆರಾ ಕಾರಣವಿಲ್ಲದೆಯೂ ಓಡಾಡತೊಡಗಿತು, ತೀರಾ ಉದ್ದದ ಮತ್ತು ತೀರಾ ಗಿಡ್ಡನೆಯ ಲೆನ್ಸ್‌ಗಳ ಬಳಕೆ ಏರಿತು. ಹಳೆಯ ಹಾಲಿವುಡ್ ಸತ್ತುಹೋಯಿತು ಎಂದು ಉಳಿದವರು ಹೇಳುತ್ತಿದ್ದಾಗ ಬೋರ್ಡ್‌ವೆಲ್ ಒಪ್ಪಲಿಲ್ಲ. ಹಳೆಯ ವ್ಯಾಕರಣವೇ ಉಳಿದಿದೆ, ದನಿ ಮಾತ್ರ ಏರಿದೆ ಎಂಬುದು 2002ರಲ್ಲಿ ಅವರು ಪ್ರಕಟಿಸಿದ ಲೇಖನದ ನಿಲುವು. ನಷ್ಟ ಆದದ್ದು ಒಂದೇ ಚೌಕಟ್ಟಿನೊಳಗೆ ನಾಲ್ಕು ಜನರನ್ನು ನಿಲ್ಲಿಸಿ, ನಡೆಸಿ, ಕೂರಿಸಿ ದೃಶ್ಯ ಕಟ್ಟುವ ಹಳೆಯ ಕಸುಬು.

ಸಣ್ಣ ವಿಷಯಗಳ ಮೇಲೂ ಅವರ ಕಣ್ಣು ಇಷ್ಟೇ ಚುರುಕು. 2007ರ ‘ಪೊಯೆಟಿಕ್ಸ್ ಆಫ್ ಸಿನಿಮಾ’ದಲ್ಲಿ ರೆಪ್ಪೆ ಮಿಟುಕಿಸುವುದರ ಬಗ್ಗೆಯೇ ಒಂದು ಪ್ರಬಂಧವಿದೆ. ಮನುಷ್ಯರು ಮಾತಾಡುವಾಗ ಆಗಾಗ ಕಣ್ಣು ಬೇರೆಡೆ ಹೊರಳಿಸುತ್ತಾರೆ, ರೆಪ್ಪೆ ಬಡಿಯುತ್ತಲೇ ಇರುತ್ತಾರೆ. ಸಿನಿಮಾದ ಪಾತ್ರಗಳು ಒಬ್ಬರನ್ನೊಬ್ಬರು ನೆಟ್ಟ ನೋಟದಿಂದ ನೋಡುತ್ತವೆ, ರೆಪ್ಪೆ ಬಡಿಯುವುದು ಅಪರೂಪ. ಕ್ಲೋಸಪ್‌ನಲ್ಲಿ ಮಿಟುಕಿಸಬೇಡಿ ಎಂದು ನಟ ಮೈಕಲ್ ಕೇನ್ ತಮ್ಮ ಅಭಿನಯದ ಪಾಠದಲ್ಲಿ ಹೇಳಿಕೊಟ್ಟಿದ್ದಾರೆ. ಮಿಟುಕಿಸದ ಕಣ್ಣು ಬಲ, ಮಿಟುಕಿಸಿದ ಕಣ್ಣು ಅಳುಕು. ಲಕ್ಷಾಂತರ ಜನ ಕಂಡರೂ ಯಾರೂ ಗಮನಿಸದ ಇಂಥ ಸಂಗತಿಯನ್ನು ಗಮನಿಸುವಂತೆ ಮಾಡುವುದೇ ಈ ವೃತ್ತಿಯ ಅತಿ ಸಂತೋಷದ ಭಾಗವಿರಬೇಕು.

2004ರಲ್ಲಿ ನಿವೃತ್ತರಾದ ಮೇಲೆ, 2006ರಿಂದ ಬೋರ್ಡ್‌ವೆಲ್ ಮತ್ತು ಥಾಂಪ್ಸನ್ ತಮ್ಮ ಜಾಲತಾಣದಲ್ಲಿ ಉದ್ದುದ್ದ ಬರಹಗಳನ್ನು ಹಾಕತೊಡಗಿದರು. ಓದಲು ದುಡ್ಡು ಕೊಡಬೇಕಿರಲಿಲ್ಲ, ಅಡಿಟಿಪ್ಪಣಿಗಳ ಕಾಟ ಇರಲಿಲ್ಲ, ಚಿತ್ರಗಳ ಫ್ರೇಮ್‌ಗಳು ಧಾರಾಳವಾಗಿದ್ದವು. ಹೊಸದಾಗಿ ಬಿಡುಗಡೆಯಾದ ಚಿತ್ರ, ವೆನಿಸ್, ವ್ಯಾಂಕೂವರ್ ಚಿತ್ರೋತ್ಸವಗಳಲ್ಲಿ ಕಂಡದ್ದು, ಮರೆತುಹೋದ ಮೂಕಿ ಚಿತ್ರ ಎಲ್ಲವೂ ಅಲ್ಲಿ ಬಂದವು. 2016ರಿಂದ ಅವರಿಬ್ಬರು ಸಹೋದ್ಯೋಗಿ ಜೆಫ್ ಸ್ಮಿತ್ ಜೊತೆ ಸೇರಿ ಹಳೆಯ ಶ್ರೇಷ್ಠ ಚಿತ್ರಗಳ ಒಂದೊಂದು ಗುಟ್ಟನ್ನು ಬಿಡಿಸಿ ಹೇಳುವ ಕಿರು ವಿಡಿಯೊಗಳನ್ನೂ ಮಾಡಿದರು. ಪತ್ರಿಕಾ ವಿಮರ್ಶಕರ ಜೊತೆ ಅವರಿಗೆ ಸ್ನೇಹವಿತ್ತು. ರೋಜರ್ ಈಬರ್ಟ್ ಅವರ ಆಯ್ದ ಬರಹಗಳ ಪುಸ್ತಕಕ್ಕೆ ಮುನ್ನುಡಿ ಬರೆದವರು ಬೋರ್ಡ್‌ವೆಲ್. 1940ರ ದಶಕದ ಆಸುಪಾಸಿನ ನಾಲ್ವರು ಅಮೆರಿಕನ್ ಪತ್ರಿಕಾ ವಿಮರ್ಶಕರ ಬಗ್ಗೆ, ಓಟಿಸ್ ಫರ್ಗ್ಯುಸನ್, ಜೇಮ್ಸ್ ಏಜಿ, ಮ್ಯಾನಿ ಫಾರ್ಬರ್, ಪಾರ್ಕರ್ ಟೈಲರ್ ಬಗ್ಗೆ, 2016ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದರು. ಪಂಡಿತರು ಮತ್ತು ಪತ್ರಿಕಾ ವಿಮರ್ಶಕರು ಒಬ್ಬರನ್ನೊಬ್ಬರು ಕಂಡರೆ ಯಾಕೆ ಮುಖ ಸಿಂಡರಿಸುತ್ತಾರೆ ಎಂಬುದರ ಬಗ್ಗೆ 2011ರಲ್ಲಿ ‘ಫಿಲ್ಮ್ ಕಾಮೆಂಟ್’ ಪತ್ರಿಕೆಯಲ್ಲಿ ಚರ್ಚಿಸಿದ್ದರು. ವಿಮರ್ಶಕ ಮೆಚ್ಚುಗೆಯಿಂದ ಹೊರಡುತ್ತಾನೆ, ಪಂಡಿತ ವಿವರಣೆಯಿಂದ. ಇಬ್ಬರೂ ಇನ್ನೊಬ್ಬರ ಹೊಲಕ್ಕೆ ಸ್ವಲ್ಪ ಕಾಲಿಡಬೇಕು ಎಂಬುದು ಅವರ ಅಭಿಪ್ರಾಯ. ಇಷ್ಟ ಬೇರೆ, ಬೆಲೆ ಕಟ್ಟುವುದು ಬೇರೆ ಎಂಬ ಭೇದವನ್ನೂ ಅವರು ಒತ್ತಿ ಹೇಳುತ್ತಿದ್ದರು. ಒಂದು ಚಿತ್ರ ಅಷ್ಟೇನೂ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ಅದು ಬಹಳ ಇಷ್ಟವಾಗಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಸಾರ್ವಜನಿಕ ಬರವಣಿಗೆಯಲ್ಲೂ ಅವರ ವಿದ್ವತ್ತು ಸಡಿಲವಾಗಲಿಲ್ಲ ಎಂಬುದಕ್ಕೆ ‘ದೇರ್ ವಿಲ್ ಬಿ ಬ್ಲಡ್’ ಚಿತ್ರದ ಒಂದು ದೃಶ್ಯದ ವಿಶ್ಲೇಷಣೆ ಸಾಕು. ಪಾಲ್ ಥಾಮಸ್ ಆಂಡರ್ಸನ್ ನಿರ್ದೇಶನದ 2007ರ ಆ ಚಿತ್ರದಲ್ಲಿ ಎಣ್ಣೆ ವ್ಯಾಪಾರಿ ಡೇನಿಯಲ್ ಪ್ಲೇನ್‌ವ್ಯೂ ಬಳಿಗೆ ಪಾಲ್ ಎಂಬ ತರುಣ ಬಂದು, ತಮ್ಮ ಜಮೀನಿನ ಕಡೆ ಎಣ್ಣೆ ಇದೆ ಎಂಬ ಸುಳಿವು ಮಾರುತ್ತಾನೆ. ಮೇಜಿನ ಮೇಲೆ ನಕ್ಷೆ ಹರಡಿದೆ. ಪ್ಲೇನ್‌ವ್ಯೂ, ಅವನ ಸಹಚರ, ಅವನ ಮಗ, ಆ ತರುಣ ನಾಲ್ವರೂ ಮೇಜಿನ ಸುತ್ತ ತಲೆ ಬಗ್ಗಿಸಿ ನಿಂತಿದ್ದಾರೆ. ಈಗಿನ ರೂಢಿಯಂತಾದರೆ ನಕ್ಷೆಯ ಮೇಲಿನ ಬೆರಳು, ಮಾತಾಡುವವನ ಮುಖ, ಕೇಳುವವನ ಮುಖ ಎಂದು ಹತ್ತಾರು ಕಟ್‌ಗಳು ಬೀಳಬೇಕು. ಆಂಡರ್ಸನ್ ಕಟ್ ಮಾಡದೆ ಅವರನ್ನು ಹಾಗೇ ಬಿಟ್ಟಿದ್ದಾರೆ. ಆದರೂ ನೋಡುವವರ ಕಣ್ಣು ದಾರಿ ತಪ್ಪುವುದಿಲ್ಲ. ಒಬ್ಬ ತಲೆ ತಗ್ಗಿಸಿದಾಗ ಇನ್ನೊಬ್ಬನ ಮುಖ ಎದ್ದು ಕಾಣುತ್ತದೆ, ಮಾತು ಎತ್ತಿದವನತ್ತ ನೋಟ ಹರಿಯುತ್ತದೆ, ಕೈ ಚಲಿಸಿದಾಗ ಕೈಯ ಹಿಂದೆ ಹೋಗುತ್ತದೆ. ಕಟ್ ಮಾಡಬೇಕಾದ ಕೆಲಸವನ್ನು ತಲೆಗಳೂ ಕೈಗಳೂ ಮಾಡುತ್ತಿವೆ ಎಂದು ಬೋರ್ಡ್‌ವೆಲ್ 2008ರಲ್ಲಿ ಬರೆದರು.

ಅದು ಒಬ್ಬ ಅನುಭವಿ ನೋಡುಗನ ಊಹೆ. ಅದನ್ನು ಪರೀಕ್ಷೆಗೆ ಒಡ್ಡಿದವರು ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನ ಮನಶ್ಶಾಸ್ತ್ರಜ್ಞ ಟಿಮ್ ಸ್ಮಿತ್. ಕಣ್ಣಿನ ಪಾಪೆ ಎತ್ತ ಹೊರಳುತ್ತದೆ ಎಂದು ದಾಖಲಿಸುವ ಯಂತ್ರದ ಮುಂದೆ ಪ್ರೇಕ್ಷಕರನ್ನು ಕೂರಿಸಿ ಅದೇ ದೃಶ್ಯ ತೋರಿಸಿದರು. ಬೇರೆ ಬೇರೆ ಜನರ ನೋಟ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಗುಂಪುಗೂಡುತ್ತಿತ್ತು, ಅದೂ ಮುಖ್ಯವಾಗಿ ಮುಖಗಳ ಮೇಲೆ ಮತ್ತು ಕೈಗಳ ಮೇಲೆ. 2011ರಲ್ಲಿ ಸ್ಮಿತ್ ಈ ಫಲಿತಾಂಶವನ್ನು ಬೋರ್ಡ್‌ವೆಲ್ ಅವರ ಜಾಲತಾಣದಲ್ಲೇ ಪ್ರಕಟಿಸಿದರು. ಸಿನಿಮಾ ವಿಮರ್ಶೆಯ ಒಂದು ವಾಕ್ಯ ಪ್ರಯೋಗಾಲಯಕ್ಕೆ ಹೋಗಿ ಪಾಸಾಗಿ ಬರುವುದು ಆಗಾಗ ನಡೆಯುವ ಸಂಗತಿಯಲ್ಲ.

ಈ ದಾರಿಗೆ ಮಿತಿಗಳಿಲ್ಲವೆಂದಲ್ಲ. ಕ್ಯಾಮೆರಾ ಎಲ್ಲಿತ್ತು ಎಂಬ ಪ್ರಶ್ನೆಯಲ್ಲಿ ಮುಳುಗಿದವರಿಗೆ ಚಿತ್ರ ಯಾರ ಪರವಾಗಿತ್ತು ಎಂದು ಕೇಳಲು ಬಿಡುವಾಗುವುದಿಲ್ಲ ಎಂಬ ಆಕ್ಷೇಪ ಬೋರ್ಡ್‌ವೆಲ್ ಅವರನ್ನು ಕೊನೆಯವರೆಗೂ ಬಿಡಲಿಲ್ಲ, ಅದರಲ್ಲಿ ಹುರುಳೂ ಇದೆ. ದಕ್ಷಿಣ ಭಾರತದ ಉದಾಹರಣೆಯನ್ನೇ ನೋಡಬಹುದು. ಎಂ. ಮಾಧವ ಪ್ರಸಾದ್ ತಮ್ಮ 2014ರ ‘ಸಿನಿ-ಪಾಲಿಟಿಕ್ಸ್’ ಪುಸ್ತಕದಲ್ಲಿ ಎಂ.ಜಿ.ಆರ್., ಎನ್.ಟಿ.ಆರ್., ರಾಜ್‌ಕುಮಾರ್ ಅವರಂಥ ತಾರೆಯರು ಜನರ ರಾಜಕೀಯ ಬದುಕಿನ ಭಾಗವಾದದ್ದು ಹೇಗೆ ಎಂದು ಚರ್ಚಿಸುತ್ತಾರೆ. 1982ರ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಸೇರಿದ ಜನಸಾಗರವನ್ನು ಎಷ್ಟು ಶಾಟ್ ಎಣಿಸಿದರೂ ವಿವರಿಸಲು ಆಗುವುದಿಲ್ಲ. ಹಾಡು, ಹೊಡೆದಾಟ, ಇಂಟರ್‌ವಲ್‌ಗಳಿಂದ ತುಂಡು ತುಂಡಾಗಿ ನಡೆಯುವ ಭಾರತೀಯ ಚಿತ್ರಕ್ಕೆ ಹಾಲಿವುಡ್ಡಿನ ಕಾರ್ಯಕಾರಣದ ಸರಪಳಿಯೂ ಸರಿಯಾಗಿ ಹೊಂದುವುದಿಲ್ಲ. ಈ ತುಂಡರಿಕೆಯನ್ನೇ ಒಂದು ರಚನೆಯಾಗಿ ಕಂಡು ಲಲಿತಾ ಗೋಪಾಲನ್ 2002ರಲ್ಲಿ ಪುಸ್ತಕ ಬರೆದಿದ್ದಾರೆ.

ಹಾಗಿದ್ದರೂ ಚಿತ್ರವನ್ನು ನಿಲ್ಲಿಸಿ ನೋಡುವ ಅಭ್ಯಾಸ ಈ ನೆಲಕ್ಕೆ ಹೊರಗಿನದೇನಲ್ಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ 1960ರ ದಶಕದಿಂದ ಚಿತ್ರಾಸ್ವಾದನದ ಪಾಠ ಹೇಳಿದ ಸತೀಶ್ ಬಹಾದ್ದೂರ್ ‘ಪಥೇರ್ ಪಾಂಚಾಲಿ’ಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ಕಲಿಸುವುದಕ್ಕೆ ಹೆಸರಾಗಿದ್ದರು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದ ಮೇಲೆ ಆ ಪಾಠ ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವೆಯೂ ನಡೆಯಿತು. ಬೋರ್ಡ್‌ವೆಲ್ ಮಾಡಿದ ಹಾಗೆ ಚೀಟಿ ಎತ್ತಿ ಕನ್ನಡದ 100 ಚಿತ್ರಗಳನ್ನು ಶಾಸ್ತ್ರೀಯವಾಗಿ ಅಳೆಯಬೇಕೆಂದರೆ ಮಾತ್ರ ತೊಡಕು ಮೊದಲ ಹೆಜ್ಜೆಯಲ್ಲೇ ಎದುರಾಗುತ್ತದೆ. 1934ರ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಂದು ಉಳಿದಿಲ್ಲ, ಆ ಕಾಲದ ಇನ್ನೂ ಅನೇಕ ಚಿತ್ರಗಳದ್ದೂ ಅದೇ ಗತಿ. ಬೋರ್ಡ್‌ವೆಲ್ ಅವರ ಕೆಲಸಕ್ಕೆ ಮ್ಯಾಡಿಸನ್ನಿನ ಸಂಗ್ರಹಾಗಾರ ಇತ್ತು, ಬ್ರಸೆಲ್ಸ್‌ನ ಚಿತ್ರಭಂಡಾರ ಇತ್ತು. ಅವರು ಅಲಂಕರಿಸಿದ ಪ್ರಾಧ್ಯಾಪಕ ಪೀಠಕ್ಕೆ ಆ ಬ್ರಸೆಲ್ಸ್ ಭಂಡಾರವನ್ನು ಬೆಳೆಸಿದ ಝಾಕ್ ಲೆದೂ ಅವರ ಹೆಸರೇ ಇತ್ತು.

ಕೊನೆಯ ಪುಸ್ತಕ ‘ಪರ್ಪ್ಲೆಕ್ಸಿಂಗ್ ಪ್ಲಾಟ್ಸ್’ ಬಂದದ್ದು 2023ರಲ್ಲಿ. ಕಥೆಯನ್ನು ಹಿಂದುಮುಂದು ಮಾಡಿ, ಒಂದೇ ಘಟನೆಯನ್ನು ನಾಲ್ಕು ಕಡೆಯಿಂದ ಹೇಳಿ, ಸುಳ್ಳು ಸುಳಿವು ಕೊಟ್ಟು ಆಟವಾಡಿಸುವ ಚಿತ್ರಗಳನ್ನು ಇವತ್ತಿನ ಪ್ರೇಕ್ಷಕರು ಸಲೀಸಾಗಿ ಅರ್ಥ ಮಾಡಿಕೊಳ್ಳುತ್ತಾರೆ. ಈ ಜಾಣತನ ಅವರಿಗೆ ಎಲ್ಲಿಂದ ಬಂತು ಎಂಬುದು ಅದರ ಪ್ರಶ್ನೆ. ಉತ್ತರಕ್ಕಾಗಿ ಬೋರ್ಡ್‌ವೆಲ್ ಹುಡುಕಿದ್ದು ಶ್ರೇಷ್ಠ ಸಾಹಿತ್ಯದಲ್ಲಷ್ಟೇ ಅಲ್ಲ, ಪತ್ತೇದಾರಿ ಕಾದಂಬರಿಗಳಲ್ಲಿ, ಕೊಲೆ ರಹಸ್ಯದ ನಾಟಕಗಳಲ್ಲಿ, ರೈಲು ಪ್ರಯಾಣದಲ್ಲಿ ಓದಿ ಬಿಸಾಡುವ ಪುಸ್ತಕಗಳಲ್ಲಿ. ಪುಸ್ತಕ ಬಂದ ಮರುವರ್ಷ, 2024ರ ಫೆಬ್ರವರಿ 29ರಂದು, ಅವರು ಮ್ಯಾಡಿಸನ್‌ನಲ್ಲಿ ತೀರಿಕೊಂಡರು. ‘ಫಿಲ್ಮ್ ಆರ್ಟ್’ನ ಹೊಸ ಆವೃತ್ತಿಗಳಲ್ಲಿ ದಂಪತಿಯ ಜೊತೆ ಮೂರನೆಯ ಲೇಖಕರಾಗಿ ಜೆಫ್ ಸ್ಮಿತ್ ಅವರ ಹೆಸರು ಸೇರಿದೆ.